ಒಲೆ ಹಚ್ಚದ ಮನೆಯ ಕಂದಾಯ

ಇಪ್ಪತ್ತಾರು ವರ್ಷ ಬಾಡಿಗೆ ಮನೆಗಳಲ್ಲೇ ಕಳೆದ ಅವ್ವನ ಹೆಸರಿಗೆ ಗುಂಡ್ಲುಪೇಟೆಯಲ್ಲಿ ಮನೆ ಕೊಂಡ ಆ ತಿಂಗಳು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಕಂದಾಯ ಕಟ್ಟಿದರೆ ರಿಯಾಯಿತಿ ಉಂಟೆಂದು ಯಾರೋ ಹೇಳಿದ್ದೇ ತಡ, ಪುರಸಭೆಗೆ ಓಡಿ, ಮನೆ ನೋಡಿ ಬರೆದುಕೊಳ್ಳಿ ಎಂದು ಬಿಲ್ ಕಲೆಕ್ಟರನ್ನು ಕರೆದುಬಿಟ್ಟೆ. ಮನೆ ಒಕ್ಕಲು, ಅಂದರೆ ಗೃಹಪ್ರವೇಶ, ಇನ್ನೂ ಆಗಿಲ್ಲ ಎಂಬುದು ಆ ಸಡಗರದಲ್ಲಿ ಮರೆತೇಹೋಗಿತ್ತು.

ಅವರು ಬಂದದ್ದು ಒಕ್ಕಲಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ನಮ್ಮಲ್ಲಿ ಒಕ್ಕಲಿಗೆ ಮೊದಲು ಒಲೆ ಹಚ್ಚುವುದಿಲ್ಲ, ಚಾಪೆ ಹಾಸುವುದಿಲ್ಲ. ಹಾಗಾಗಿ ಅಡುಗೆಮನೆ ಖಾಲಿ. ಬಾಗಿಲಿಗೆ ಎರಡು ಹಾರ ಸಾಕು ಎಂದಿದ್ದರೂ ಮಾವ ಭೀಮನಬೀಡಿನ ತನ್ನ ಹೊಲದಿಂದ ಒಂದು ಟೆಂಪೊ ಚೆಂಡು ಹೂವನ್ನೇ ತಂದು ಹಜಾರಕ್ಕೆ ಸುರಿದಿದ್ದ. ಹೂವಿನ ಜೊತೆ ತಕ್ಕಡಿಯೂ ಇಳಿದಿತ್ತು. ಬಿಲ್ ಕಲೆಕ್ಟರ್ ನೋಡುತ್ತಿದ್ದಂತೆಯೇ ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಇಣುಕಿ ಕೆಜಿ ಎಷ್ಟೆಂದು ಕೇಳಿದ. ಮಾವ ಅಭ್ಯಾಸಬಲದಿಂದ ಬೆಲೆ ಹೇಳಿಯೇಬಿಟ್ಟ.

"ಇದು ಅಂಗಡಿ ಕಣಮ್ಮ," ಎಂದರು ಬಿಲ್ ಕಲೆಕ್ಟರ್. "ವಾಸದ ಮನೆ ಅಂತ ಎಂಗೆ ಬರೀಲಿ? ಒಂದ್ ಒಲೆನಾದ್ರೂ ಬ್ಯಾಡ್ವಾ?"

ಅಂಗಡಿ ಎಂದು ಬರೆದರೆ ವರ್ಷವರ್ಷವೂ ಅಂಗಡಿಯ ದುಬಾರಿ ಕಂದಾಯವೇ. ರಿಯಾಯಿತಿಗೆ ಆಸೆಪಟ್ಟು ಅಸಲಿಗೇ ಕೊಡಲಿ ಹಾಕಿಕೊಂಡಿದ್ದೆ.

"ಒಲೆ ಅಚ್ಬುಟ್ಟು ಒಂದ್ ಲೋಟ ಟೀ ಕಾಸ್ಬುಡು," ಎಂದ ಅಪ್ಪ.

"ಒಕ್ಕಲಾಗ್ದೆ ಅಚ್ಚಕಿಲ್ಲ," ಎಂದಳು ಅವ್ವ. ಆಮೇಲೆ ಬಿಲ್ ಕಲೆಕ್ಟರ್ ಕಡೆ ತಿರುಗಿ, "ನಾಳೆ ಒತ್ತಾರೆ ಆಲು ಉಕ್ಕುಸ್ತೀವಿ ಸ್ವಾಮಿ. ಕಣ್ಣಾರೆ ನೋಡಿ ಬರ್ಕಳಿ," ಎಂದಳು.

"ನಾಳೆ ಭಾನ್ವಾರ ಕಣವ್ವ."

"ಅಂಗಾರೆ ಎಂಡ್ತಿ ಮಕ್ಳುನೂ ಕರ್ಕ ಬನ್ನಿ. ಊಟ ಮಾಡ್ಕಂಡೇ ಓಗಿ."

ಬರುವುದಿಲ್ಲ ಎಂದುಕೊಂಡು ರಾತ್ರಿಯಿಡೀ ನನ್ನನ್ನು ನಾನೇ ಬೈದುಕೊಂಡೆ. ಬಂದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕಂಕುಳಲ್ಲಿ ಕಂದಾಯದ ಪುಸ್ತಕ. ಬಂದ ನೆಂಟರೂ ನಾವೂ ಅಡುಗೆಮನೆಯಲ್ಲೇ ಕಿಕ್ಕಿರಿದು ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದೆವು. ಹಾಲು ಉಕ್ಕಿದ್ದು ಉಕ್ಕಿದ್ದೇ, ಒಲೆ ಆರಿಹೋಯಿತು. ಆರಿದ ಒಲೆಗೂ ಚಪ್ಪಾಳೆ ತಟ್ಟಿದೆವು. ಬಿಲ್ ಕಲೆಕ್ಟರ್ ಕಿರಿಮಗಳದ್ದೇ ಎಲ್ಲರಿಗಿಂತ ಜೋರು. ಅವರು ಪುಸ್ತಕ ಬಿಚ್ಚಿ, ಎಲ್ಲರಿಗೂ ಕಾಣುವಂತೆ ವಾಸದ ಮನೆ ಎಂದು ಬರೆದರು. ನನಗೆ ಕುಣಿಯಬೇಕು ಅನ್ನಿಸಿತು. ಜಾಗವಿರಲಿಲ್ಲ.

"ಇರೋರು ಯಾರವ್ವ?" ಮುಂದಿನ ಕಾಲಂಗೆ ಬಂದು ಕೇಳಿದರು. "ಮಾಲೀಕ್ರಾ, ಬಾಡಿಗೆಯವ್ರಾ?"

ಒಲೆಯ ಮೇಲಿನ ಹಾಲು ಒರೆಸುತ್ತಿದ್ದ ಅವ್ವ ತಲೆಯೆತ್ತದೆ, "ಬಾಡಿಗೆಯವ್ರು ಸ್ವಾಮಿ," ಎಂದಳು.

ಮೊದಲು ನಕ್ಕದ್ದು ಹೂವಿನ ಬೆಲೆ ಹೇಳಿದ್ದ ಮಾವನೇ. ಆಮೇಲೆ ಅವ್ವನಿಗೂ ನಗು ಬಂತು. ನಕ್ಕು ನಕ್ಕು ನೆಲದ ಮೇಲೆ ಕೂತವಳು ಅಳುವುದಕ್ಕೆ ಶುರುಮಾಡಿದಳು. ನಾನೂ ಅತ್ತುಬಿಟ್ಟೆ.

"ನಾನಿನ್ನೂ ಬರ್ದಿಲ್ಲ ಕಣವ್ವ," ಎಂದರು ಬಿಲ್ ಕಲೆಕ್ಟರ್. "ಇರೋರು ಯಾರಂತ ಇನ್ನೊಂದ್ ಸತಿ ಏಳಿ."

ಅವ್ವ ಎದ್ದು ಕೈ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡು ಅವರ ಮುಂದೆ ಬಂದು ನಿಂತಳು.

"ಮಾಲೀಕ್ರು," ಎಂದಳು, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ.