ಅವ್ವನ ಹಂದರಕ್ಕೆ ಹಬ್ಬಿದ ಹಾಪ್ಸ್

ಬಿಯರನ್ನು ನಾನು ಈವರೆಗೆ ನಾಲಗೆಗೆ ಮುಟ್ಟಿಸಿಲ್ಲ. ಆದರೂ ಅದಕ್ಕೆ ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಊಳಿಗವನ್ನು ಬೈಲಹೊಂಗಲದ ನನ್ನ ಹಿತ್ತಿಲಲ್ಲಿ ತಿಂಗಳುಗಟ್ಟಲೆ ಮಾಡಿದ್ದೇನೆ. ಕಾರಣ ಹೇಳಲು ತುಸು ನಾಚಿಕೆ. ಯಾರಾದರೂ "ಇದು ಇಲ್ಲಿ ಬರೂದಿಲ್ಲ" ಎಂದರೆ ಸಾಕು, ಅದನ್ನು ನೆಡುವ ತನಕ ನನಗೆ ಅನ್ನ ಸೇರದು. ಹಿಂದೊಮ್ಮೆ ಸೇಬು, ಆಮೇಲೆ ಸ್ಟ್ರಾಬೆರಿ ನೆಟ್ಟು ಓಣಿಯವರಿಗೆಲ್ಲ ಪುಕ್ಕಟೆ ಮನರಂಜನೆ ಒದಗಿಸಿದವನು ನಾನು.

ಈ ಸಲ ಹಾಗೆಂದವನು ಸೈನ್ಯದಲ್ಲಿರುವ ನನ್ನ ಹೆಂಡತಿಯ ತಮ್ಮ. ಹಿಮಾಚಲದ ಕಡೆಯಿಂದ ರಜೆಗೆ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೇರಿನ ತುಂಡೊಂದನ್ನು ತಂದಿದ್ದ. "ಸುಮ್ನ ನೋಡಾಕಂತ ತಂದೇನಿ ಮಾಮಾ. ನಿಮ್ಮ ಬಿಸಲಿಗೆ ಇದು ತಾಳೂದಿಲ್ಲ, ಬಿಡ್ರಿ" ಎಂದ. ಬಿಡುವ ಮಾತೆಲ್ಲಿ ಬಂತು?

ಓದಿ ನೋಡಿದಾಗ ಗೊತ್ತಾಯಿತು, ಈ ಬಳ್ಳಿ ಭಾರಿ ಷೋಕಿಯದು. ಮೊದಲು ಕೊರೆಯುವ ಚಳಿಯಲ್ಲಿ ಅದಕ್ಕೊಂದು ನಿದ್ದೆಯಾಗಬೇಕು. ಎದ್ದ ಮೇಲೆ ತಂಪು ನಾಡುಗಳ ಬೇಸಗೆಯಂಥ ಉದ್ದುದ್ದ ಹಗಲು ಬೇಕು. ಚಳಿಗಾಲವನ್ನು ಫ್ರಿಜ್ಜಿನಲ್ಲಿ, ಬೆಣ್ಣೆಯ ಡಬ್ಬಿಯ ಪಕ್ಕದಲ್ಲಿ ಒದಗಿಸಿದೆ. ಆಮೇಲೆ ಬೇರನ್ನು ಹಿತ್ತಿಲ ಹಂದರದ ಬುಡಕ್ಕೆ ನೆಟ್ಟು, ಉದ್ದ ಹಗಲಿಗಾಗಿ ಹಂದರಕ್ಕೆ ಬಲ್ಬಿನ ಸರ ಕಟ್ಟಿ, ಸೂರ್ಯ ಮುಳುಗಿದ ಮೇಲೂ ಉರಿಸಿದೆ. ಹುಳಗಳು ಬಂದವು. ಅವುಗಳ ಬೆನ್ನಿಗೇ ಪಕ್ಕದ ಮನೆಯವರು ಬಂದು, "ಯಾರ ಲಗ್ನರಿ? ನಮಗ ಒಂದ್ ಮಾತೂ ಹೇಳಲಿಲ್ಲಲ್ಲ?" ಎಂದು ಮುನಿಸಿಕೊಂಡರು.

ಅಸಲಿಗೆ ಆ ಹಂದರ ಅವ್ವನದು. ವರ್ಷವೂ ಅಲ್ಲಿ ಅವಳ ಅವರೆ ಹಬ್ಬುತ್ತದೆ. ಹೊಸ ಬಳ್ಳಿಯ ಕುಲಗೋತ್ರ ತಿಳಿದ ದಿನ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಲಿಂಗಪೂಜಿ ಮಾಡೋ ಮನ್ಯಾಗ ಸೆರೆದ ಬಳ್ಳಿ ಹಚ್ಚೀಯೇನೋ?"

ಹೆಂಡವಾಗುವುದು ಬಾರ್ಲಿಯಿಂದ, ಇದು ಬರೀ ಕಹಿಗೆ ಎಂದು ವಾದಿಸಿದೆ.

"ಈಚಲ ಗಿಡದ ಬುಡಕ ಕುಂತು ಮಜ್ಜಿಗಿ ಕುಡದ್ರ ಯಾರು ನಂಬ್ತಾರೋ? ಉಗಾದಿ ತನಕ ನೋಡ್ತೇನಿ. ಮನಿ ಕೆಲಸಕ್ಕ ಬಂದ್ರ ಇರ್ಲಿ, ಇಲ್ಲಂದ್ರ ಕಿತ್ತ ಒಗೀತೇನಿ."

ಸೇಬು, ಸ್ಟ್ರಾಬೆರಿಗಳ ಹಿಂದೆ ಇದೂ ಹೋದರೆ, ಹಿತ್ತಿಲ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕು ನನಗೆ ಈ ಜನ್ಮದಲ್ಲಿ ಉಳಿಯುತ್ತಿರಲಿಲ್ಲ.

ಬಳ್ಳಿಯೋ ಮೊಣಕಾಲೆತ್ತರ ಬಂದು ಜೋತುಬೀಳತೊಡಗಿತು. ಅವ್ವನಿಗೆ ಸಿಟ್ಟು ಎಷ್ಟೇ ಇರಲಿ, ನೆಲಕ್ಕೆ ಬಿದ್ದ ಬಳ್ಳಿ ಕಂಡರೆ ಕೈ ಸುಮ್ಮನಿರದು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು, ಅವರೆಯನ್ನು ಸುತ್ತಿದಂತೆಯೇ ಅದನ್ನು ಗಳಕ್ಕೆ ಸುತ್ತುವಳು. ಸಂಜೆಗೆ ಅದು ಬಿಚ್ಚಿಕೊಂಡು ಮತ್ತೆ ನೆಲದ ಮೇಲೆ. ನಾನು ನೀರು ಹೆಚ್ಚಿಸಿದೆ, ತಗ್ಗಿಸಿದೆ, ಹಳೆಯ ಸೀರೆಯ ನೆರಳು ಕಟ್ಟಿದೆ. ಕೊನೆಗೆ ಬಿಸಿಲೇ ಗೆದ್ದಿತೆಂದು ಕೈಚೆಲ್ಲಿದೆ.

ಅಷ್ಟರಲ್ಲಿ ಅವ್ವ ಹೂಲಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿ ಕೆಲವು ದಿನ ಉಳಿದಳು. ತಿರುಗಿ ಬರುವಷ್ಟರಲ್ಲಿ ಬಳ್ಳಿ ತಾನಾಗಿಯೇ ಗಳ ಹಿಡಿದು ಎದೆಯೆತ್ತರ ಏರಿತ್ತು, ಅದೂ ಅವರೆ ಸುತ್ತುವುದರ ತೀರ ಉಲ್ಟಾ ದಿಕ್ಕಿನಲ್ಲಿ! ಅವ್ವ ಅದರ ಗುಂಟ ಬೆರಳಾಡಿಸಿದಳು. ನಂಬಿಕೆ ಬಾರದೆ ಗಳದ ಸುತ್ತ ತಾನೂ ಒಂದು ಸುತ್ತು ಬಂದಳು. ಆಮೇಲೆ ಗಲ್ಲಕ್ಕೆ ಕೈಯಿಟ್ಟುಕೊಂಡಳು.

"ಅವರಿ ಎಡಕ ಸುತ್ತತೈತಿ. ಇದು ನೋಡೋ, ಗುಡ್ಯಾಗ ಪ್ರದಕ್ಷಿಣಿ ಹಾಕಿದಂಗ ಬಲಕ ಹೊಂಟೈತಿ. ನಾ ದಿನಾ ಇದನ್ನ ಉಲ್ಟಾ ತಿರುಗಸಾಕ ಹತ್ತಿದ್ನೆಲ್ಲೋ ಶಿವನ!"

ಪ್ರದಕ್ಷಿಣೆ ಹಾಕುವ ಬಳ್ಳಿಯನ್ನು ಕೀಳಲು ಅವಳಿಗೆ ಇನ್ನು ಸುಲಭಕ್ಕೆ ಮನಸ್ಸಾಗದು ಎಂದು ನನಗೆ ಅರ್ಧ ಧೈರ್ಯ ಬಂತು. ಆದರೆ ಉಗಾದಿಯ ಗಡುವನ್ನು ಮಾತ್ರ ಅವಳು ಸಡಿಲಿಸಲಿಲ್ಲ.

ಬಳ್ಳಿ ಹಂದರ ಮುಟ್ಟಿದ ಮೇಲೆ ಬಲ್ಬು ಆರಿಸಿದೆ. ಹಗಲು ಗಿಡ್ಡಾಯಿತೆಂದು ನಂಬಿ ಅದು ಹೂವಿಗೆ ನಿಂತಿತು. ಬಿಸಿಲೇರುವ ಹೊತ್ತಿಗೆ ಹಂದರದ ತುಂಬ ಪದರು ಪದರಾದ ಹಸಿರು ಜುಮಕಿಗಳು! ತಿಕ್ಕಿದರೆ ಬೆರಳಿಗೆ ಹಳದಿ ಪುಡಿ, ಲಿಂಬೆಸಿಪ್ಪೆಯಂಥ ವಾಸನೆ. ಸೈನಿಕನಿಗೆ ಫೋಟೋ ಕಳಿಸಿದೆ. "ಸೆಲ್ಯೂಟ್ ಹೊಡದೇನಿ ಮಾಮಾ" ಎಂದು ಉತ್ತರ ಬಂತು. ಅಂದು ಹಾಲು ತರುವ ನೆಪದಲ್ಲಿ ಇಡೀ ಓಣಿ ಸುತ್ತಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಬೇಡಿ.

ಆದರೆ ಇದು ಮನೆಯ ಯಾವ ಕೆಲಸಕ್ಕೆ ಬರುತ್ತದೆ? ಉಗಾದಿಯ ಬೆಳಗಾದರೂ ನನಗೆ ಉತ್ತರ ಹೊಳೆದಿರಲಿಲ್ಲ. ನಮ್ಮ ಕಡೆ ಅಂದು ಬೇವನ್ನು ಕುಡಿಯುತ್ತೇವೆ. ಬೇವಿನ ಹೂವು, ಬೆಲ್ಲ, ಹುಣಸೆಹುಳಿ, ಪುಟಾಣಿ ಹಿಟ್ಟು ಕಲಸಿದ ಪಾನಕ ಅದು. ನಾನು ಹಿತ್ತಿಲಲ್ಲಿ ಚಿಂತೆ ಮಾಡುತ್ತ ನಿಂತಿರುವಾಗಲೇ ಅವ್ವ ಬಂದು ಒಂದು ಹಿಡಿ ಜುಮಕಿ ಹರಿದುಕೊಂಡು ಹೋದಳು. ಕುದಿಸಿ, ಸೋಸಿ, ಬೇವಿನ ಪಾತ್ರೆಗೆ ಸುರಿದಳು. ದೇವರಿಗೆ ಎಡೆ ಹಿಡಿದು ಬಟ್ಟಲೆತ್ತಿ ಒಂದು ಗುಟುಕು ಕುಡಿದಳು. ಮುಖ ಕಿವುಚಿತು.

"ಕಹಿ ಅಂದ್ರ ಹಿಂಗಿರಬೇಕ ನೋಡು! ಇದರ ಮುಂದ ಬೇವು ಪೇಡೆ ಇದ್ದಂಗ" ಎಂದವಳೇ ಬಟ್ಟಲು ಬರಿದು ಮಾಡಿ, "ಇನ್ನೊಂದೀಟು ಹಾಕು" ಎಂದು ನನ್ನ ಮುಂದೆ ಚಾಚಿದಳು.

ನಮ್ಮದು ಕಬ್ಬಿನ ಸೀಮೆ. ಸಿಹಿ ಬೆಳೆದು ಮೀಸೆ ತಿರುವುವವರು ಮಲಪ್ರಭೆಯ ದಂಡೆಯುದ್ದಕ್ಕೂ ಸಿಗುತ್ತಾರೆ. ಕಹಿ ಬೆಳೆದು, ಹೆತ್ತ ತಾಯಿಗೆ ಎರಡನೆಯ ಬಟ್ಟಲು ಬಡಿಸಿದವನು ಸದ್ಯಕ್ಕೆ ನಾನೊಬ್ಬನೇ.