ಹೊಟ್ಟಿನ ಒಲೆಗಾಗಿ ಮುಚ್ಚಿದ ಕಿಟಕಿಗಳು

ನಾನು ಹುಟ್ಟಾ ಜಿಪುಣಿ. ಹಿರೇಕೊಟ್ನೆಕಲ್‌ನ ನನ್ನ ತವರಿನಲ್ಲಿ ಒಲೆಗೆ ತೊಗರಿಕಟ್ಟಿಗೆಯನ್ನೂ ಅಳೆದು ತೂಗಿ ಹಾಕುತ್ತಿದ್ದರು. ಅಲ್ಲಿಂದ ಎಪ್ಪತ್ತರ ದಶಕದ ಮೊದಲಿಗೆ ರಾಯಚೂರಿನ ಬಡಗಿಯ ಮನೆಗೆ ಸೊಸೆಯಾಗಿ ಬಂದೆ. ಪಡಸಾಲೆಯೇ ನನ್ನ ಗಂಡನ ಕೆಲಸದ ಜಾಗ. ದಿನ ಬೆಳಗಾದರೆ ಬುಟ್ಟಿಗಟ್ಟಲೆ ಕಟ್ಟಿಗೆಹೊಟ್ಟನ್ನು ಗುಡಿಸಿ ಬೀದಿಗೆ ಚೆಲ್ಲುತ್ತಿದ್ದರು. ನೋಡಿದರೆ ನನ್ನ ಕರುಳು ಚುರುಕ್ ಎನ್ನುತ್ತಿತ್ತು.

ಒಂದೇ ತಿಂಗಳಲ್ಲಿ ಆ ಪಡಸಾಲೆಯ ಕಸವೆಲ್ಲ ನನ್ನ ಸುಪರ್ದಿಗೆ ಬಂತು. ದಪ್ಪ ಚಕ್ಕೆ ರೊಟ್ಟಿಯ ಒಲೆಗೆ, ಮರ ನಯ ಮಾಡುವಾಗ ಉದುರುವ ಸುರುಳಿ ಬಚ್ಚಲ ಒಲೆಗೆ, ಗರಗಸದ ನುಣ್ಣನೆಯ ಹೊಟ್ಟು ಹೊಟ್ಟಿನ ಒಲೆಗೆ. ಅದೇನು ದೊಡ್ಡ ಒಲೆಯಲ್ಲ. ಹಳೇ ಎಣ್ಣೆಡಬ್ಬಿಯ ಬುಡದಲ್ಲಿ ಒಂದು ತೂತು, ನಡುವೆ ಲಟ್ಟಣಿಗೆ ನಿಲ್ಲಿಸಿ ಸುತ್ತ ಹೊಟ್ಟನ್ನು ಗಿಡಿದು, ಲಟ್ಟಣಿಗೆಯನ್ನು ಮೆಲ್ಲಗೆ ಎಳೆದು ತೆಗೆಯಬೇಕು. ಕೆಳಗಿನಿಂದ ಬೆಂಕಿ ಮುಟ್ಟಿಸಿದರೆ ಎರಡು ಹೊತ್ತಿನ ಅಡುಗೆ ಅದರಲ್ಲೇ ಮುಗಿಯುತ್ತಿತ್ತು. ಓಣಿಯ ಹೆಂಗಸರೆಲ್ಲ ಚಿಮಣಿ ಎಣ್ಣೆಗೆ ಡಬ್ಬಿ ಹಿಡಿದು ಪಾಳಿ ಹಚ್ಚಿದಾಗ ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದೆ. ಸೊಕ್ಕು, ಮತ್ತೇನು.

ನನಗೆ ಇದ್ದ ವೈರಿ ಗಾಳಿ ಒಂದೇ. ಪಡಸಾಲೆಗೆ ಎರಡು ಕಿಟಕಿ, ಎದುರುಬದುರು. ಗರಗಸದ ಕೆಳಗೆ ಗೋಣಿ ಹಾಸಿದರೂ ನುಣ್ಣನೆಯ ಹೊಟ್ಟು ಹಾರಿಹೋಗುತ್ತಿತ್ತು. ಒಮ್ಮೆ ಪಕ್ಕದ ಮನೆಯವರು ಒಣಹಾಕಿದ ಶಾವಿಗೆಯ ಮೇಲೆ ಬಿದ್ದು ಜಗಳವಾಯಿತು. ಅದು ಬರೀ ನೆಪ. ಹೇಳಬೇಕೆಂದು ನಾನು ಕಾಯುತ್ತಲೇ ಇದ್ದೆ.

"ಆ ಎರಡೂ ಕಿಟಕಿ ಬಂದ್ ಮಾಡಿಬಿಡ್ರಿ. ಹಾರಿ ಹೋಗೋದು ಹೊಟ್ಟಲ್ಲ, ನಮ್ಮ ಅಡಿಗಿ" ಎಂದೆ.

"ಸೆಕಿ ಆಗ್ತದಲ್ಲಲೇ" ಎಂದರು ಅವರು.

"ಬ್ಯಾಸಿಗಿ ಎಷ್ಟು ದಿನ ಇರ್ತದ? ತಡಕೋರಿ."

ರಾಯಚೂರಿನ ಬೇಸಿಗೆಯನ್ನು ತಡಕೋ ಎಂದ ಬಾಯಿ ಇದು. ಅವರು ಎರಡಕ್ಕೂ ಹಲಗೆ ಬಡಿದು ಮೊಳೆ ಹೊಡೆದರು. ಬಾಗಿಲಿಗೆ ನಾನು ಒದ್ದೆ ಗೋಣಿ ಇಳಿಬಿಟ್ಟೆ. ಹತ್ತು ಬೇಸಿಗೆ ಬಂದು ಹೋದರೂ ಆ ಮೊಳೆ ಕೀಳಲಿಲ್ಲ.

ಸಂಜೆ ಹೊರಗೆ ಬರುವಾಗ ಅವರು ಭಂಡಾರ ಹಚ್ಚಿದ ದೇವರಂತೆ ಹುಬ್ಬಿನವರೆಗೂ ಹಳದಿ. ನಾನು ಅಂಗಳದಲ್ಲಿ ಹಳೇ ಸೀರೆ ಹಾಸಿ, ಅವರ ಅಂಗಿಯನ್ನು ಅದರ ಮೇಲೆಯೇ ಝಾಡಿಸಿ, ಆ ಹೊಟ್ಟನ್ನೂ ಡಬ್ಬಿಗೆ ತುಂಬುತ್ತಿದ್ದೆ. ಕೈಗೊಂದು ಬೆಲ್ಲದ ಚೂರು ಕೊಡುತ್ತಿದ್ದೆ. ಬೆಲ್ಲ ತಿಂದರೆ ಗಂಟಲ ಧೂಳು ಇಳಿದು ಹೋಗುತ್ತದೆ ಎಂದು ಎಲ್ಲರೂ ನಂಬಿದ್ದೆವು. ಎದೆಗೆ ಇಳಿದದ್ದಕ್ಕೆ ಬೆಲ್ಲ ಏನು ಮಾಡೀತು?

ಎಂಬತ್ತರ ದಶಕದಲ್ಲಿ ಕರೆಂಟಿನ ಗರಗಸ ಬಂತು. ದೇವದುರ್ಗ, ಮಾನ್ವಿಯಿಂದಲೂ ಬಾಗಿಲು ಚೌಕಟ್ಟಿನ ಕೆಲಸ ಬರುತ್ತಿದ್ದ ಕಾಲ. ಆ ಯಂತ್ರದ ಹೊಟ್ಟು ಜೋಳದ ಹಿಟ್ಟಿಗಿಂತ ನುಣುಪು. ನನಗೆ ಹಬ್ಬ. ಅವರಿಗೆ ಕೆಮ್ಮು. ಮೊದಲು ಮುಂಜಾನೆ ಮಾತ್ರ ಇತ್ತು, ಆಮೇಲೆ ದಿನವಿಡೀ. ಕೊನೆಗೆ ಒಂದು ಹಲಗೆ ನಯ ಮಾಡಲು ನಾಲ್ಕು ಸಲ ಕೂರತೊಡಗಿದಾಗ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು ಕೇಳಿದರು. "ಕೆಲಸ ಮಾಡೋ ಕಡೆ ಕಿಟಕಿ ಅದಾವೇನು? ಗಾಳಿ ಆಡ್ತದೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೆರಗು ಬಾಯಿಗೆ ಹಿಡಿದೆ.

"ಅದಾವ್ರೀ ಸಾಹೇಬ್ರ. ಎರಡು ಅದಾವ" ಎಂದರು ನಮ್ಮವರು.

"ಹಂಗಾರ ಇಷ್ಟು ಕೆಡಬಾರದಿತ್ತಲ್ಲ. ಬೀಡಿ ಸೇದ್ತೀರೇನು?"

"ಹೂಂರೀ."

ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಡಾಕ್ಟರು ಬೈದರು. ಬೀಡಿ ಬಿಡದಿದ್ದರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ ಎಂದರು. ನಮ್ಮವರು ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡರು.

ಹೊರಗೆ ಬಂದ ಮೇಲೆ ಕೇಳಿದೆ. "ಯಾಕ ಹಂಗ ಹೇಳಿದ್ರಿ?"

"ಖರೇ ಹೇಳಿದ್ರ ನಿನ್ನ ಬೈತಿದ್ರು" ಎಂದು ಗೋಡೆ ಹಿಡಿದು ನಿಂತರು. ದಮ್ಮು ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದವಳೇ ಎರಡೂ ಕಿಟಕಿಗಳ ಹಲಗೆ ಕಿತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ. ಆಮೇಲೆ ಅವರು ಆ ಪಡಸಾಲೆಯಲ್ಲಿ ಗರಗಸ ಹಿಡಿಯಲಿಲ್ಲ. ಕಿಟಕಿಯ ಬಳಿ ಹೊರಸು ಹಾಕಿಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರು, ಮಲಗಲು ಆಗುತ್ತಿರಲಿಲ್ಲ. ಎರಡನೆಯ ವರ್ಷ ಹೋದರು.

ಮಣ್ಣು ಮಾಡಿ ಬಂದ ದಿನ ದೇವದುರ್ಗದಿಂದ ಬಂದಿದ್ದ ನಾದಿನಿ ನೆರೆದ ಹೆಂಗಸರ ಮುಂದೆ ಎದೆ ಬಡಿದುಕೊಂಡು ಅತ್ತಳು. ದವಾಖಾನೆಯ ಮಾತು ಅವಳವರೆಗೂ ಮುಟ್ಟಿತ್ತು.

"ಕದ್ದು ಬೀಡಿ ಸೇದಿ ಎದಿ ಸುಟ್ಟುಕೊಂಡೆಲ್ಲೋ ನಮ್ಮಣ್ಣ! ಹಿಡಿ ಹೊಟ್ಟು ಸೈತ ಹೊರಗ ಬಿಡದಂಥ ಹೆಣ್ಣುಮಗಳು ಸಿಕ್ಕಿದ್ಲು ನಿನಗ, ಅಕಿನ ಜ್ವಾಕಿ ಮಾಡಲಿಲ್ಲಲ್ಲೋ!"

ಹೆಂಗಸರು ಹೌದೆಂದು ತಲೆಯಾಡಿಸಿ ನನ್ನ ಬೆನ್ನು ಸವರಿದರು. ನಾನು ಅಲ್ಲ ಅನ್ನಲಿಲ್ಲ.