ಬೀಗದವನ ಫೋನಿನ ಮೀನು

ಬೀಗ ರಿಪೇರಿಯವನು ಒಣ ಮನುಷ್ಯ. ಸುಳ್ಳನಲ್ಲ, ಸೋಮಾರಿಯಲ್ಲ, ಕೊಟ್ಟ ಮಾತಿಗೆ ತಪ್ಪಿದವನಲ್ಲ. ಆದರೆ ಹಿಂಡಿದರೂ ಒಂದು ಹನಿ ಪ್ರೀತಿ ಜಿನುಗದು. ಈ ತೀರ್ಪು ಅವನ ಅತ್ತೆಯದು. ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದು ನೋಡಿ ಕೊಟ್ಟದ್ದು.

ತೆರೆದದ್ದನ್ನು ಮುಚ್ಚಬೇಕು ಎಂಬುದೊಂದೇ ಅವನ ಬಾಳಿನ ನಿಯಮ. ಅರದ ಡಬ್ಬಿ, ಎಣ್ಣೆ ಸೀಸೆ, ಅಡುಗೆಮನೆಯ ಕಪಾಟು, ಕೊನೆಗೆ ಬಾಯಿ, ಎಲ್ಲವನ್ನೂ ಕೆಲಸ ಮುಗಿದ ಕೂಡಲೇ ಮುಚ್ಚುತ್ತಿದ್ದ. ಸಂಜೆ ಅಂಗಡಿಯ ಷಟರ್ ಎಳೆದನೆಂದರೆ ಮುಗಿಯಿತು, ನೆಂಟರ ಕರೆಯನ್ನೂ ಎತ್ತುತ್ತಿರಲಿಲ್ಲ. ಆ ಹೊತ್ತಿನಲ್ಲಿ ಫೋನು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುತ್ತಿತ್ತು.

ಅದು ಅತ್ತೆಯ ಪಾಲಿನ ಹೊತ್ತು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಓದಿದರೆ ತಲೆ ನೋಯುತ್ತಿತ್ತು. ಅದಕ್ಕೇ ಮಗಳು ಗಂಡನ ಫೋನಿನ ಹೋಮ್ ಸ್ಕ್ರೀನಿಗೆ ಈಜಾಡುವ ಮೀನುಗಳ ಚಿತ್ರ ಹಾಕಿಕೊಟ್ಟಿದ್ದಳು. ಬೆರಳಿಟ್ಟರೆ ಮೀನುಗಳು ಚದುರುತ್ತಿದ್ದವು, ತೆಗೆದರೆ ಮೆಲ್ಲಗೆ ಮರಳುತ್ತಿದ್ದವು. ಬಾಲ ಹರಿದಂತಿದ್ದ ಒಂದಕ್ಕೆ ಅತ್ತೆ ಬಾಲಮೋಟ ಎಂದು ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಕೊನೆಗೆ ಬರುತ್ತಿದ್ದುದು ಅದೇ.

ಫೋನು ಹಳೆಯದು, ಮೆಮೊರಿ ಅಷ್ಟಕ್ಕಷ್ಟೇ. ಬರಬರುತ್ತಾ, ಮುಟ್ಟಿದರೆ ಮೊದಲು ಕಪ್ಪು ಪರದೆ, ಆಮೇಲೆ ಬಾಡಿಗೆ ಮನೆಗೆ ಸಾಮಾನು ಇಳಿಸಿದ ಹಾಗೆ ಒಂದೊಂದೇ ಐಕಾನ್. ಒಂದು ಬೆಳಗ್ಗೆ ಹಾಸ್ಟೆಲಿನ ವಾರ್ಡನ್ ಕರೆ ಮಾಡಿದರು. ಫೋನು ಬಡಿದುಕೊಂಡಿತು, ಎತ್ತುವ ಹಸಿರು ಗುರುತು ಮಾತ್ರ ಮೂಡಲಿಲ್ಲ. ಉಗ್ರಾಣದ ಬೀಗ ಕೆಟ್ಟು ನಿಂತಿದ್ದ ಆಕೆ ಮಧ್ಯಾಹ್ನ ಅಂಗಡಿಗೇ ಬಂದು, ಇನ್ನೊಮ್ಮೆ ಹೀಗಾದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಅಂಗಡಿ ನಡೆಯುತ್ತಿದ್ದುದೇ ಹಾಸ್ಟೆಲಿನ ಕೆಲಸದಿಂದ.

ಫೋನ್ ರಿಪೇರಿಯವಳಿಗೆ ತೋರಿಸಿದಾಗ ಅವಳು ಹೇಳಿದ್ದನ್ನು ಅಂದು ಸಂಜೆ ಮಗಳು ನಗುತ್ತ ಅಮ್ಮನಿಗೆ ವರದಿ ಮಾಡಿದಳು. "ಫೋನಲ್ಲಿ ತೆರೆದ ಆ್ಯಪನ್ನೆಲ್ಲ ತಕ್ಷಣ ಮುಚ್ಚಿಬಿಡ್ತಾರಲ್ಲ, ಅದೇ ತಪ್ಪಂತಮ್ಮ. ಪ್ರತಿ ಸಲ ಬಾಗಿಲನ್ನೇ ಕಿತ್ತು ಮತ್ತೆ ಕೂರಿಸಿದ ಹಾಗಂತೆ. ಬೀಗದವರಿಗೆ ಬಾಗಿಲ ಪಾಠ!"

ಇನ್ನೊಂದು ಮಾತನ್ನು ಅವಳು ನುಂಗಿಕೊಂಡಳು. ಅದನ್ನು ಅಳಿಯನೇ ಹೇಳಿದ. ಆಡುವ ಚಿತ್ರ ಮೆಮೊರಿ ತಿನ್ನುತ್ತದೆ, ಇರಬಾರದು. ಹೇಳುತ್ತಲೇ ತೆಗೆದೂ ಹಾಕಿದ.

"ಮೀನೆಲ್ಲ ಎಲ್ಲಿ ಹೋದ್ವಪ್ಪ?" ಎಂದರು ಅತ್ತೆ.

"ಸತ್ವು," ಎಂದ.

ಅತ್ತೆಯ ತೀರ್ಪಿಗೆ ಮೊಹರು ಬಿತ್ತು, ಅಷ್ಟೆ. ಫೋನು ಚುರುಕಾಯಿತು, ವಾರ್ಡನ್ ಮೊದಲ ರಿಂಗಿಗೇ ಸಿಕ್ಕವನನ್ನು ಮೆಚ್ಚಿ ಹೊಸ ಕಟ್ಟಡದ ಬೀಗಗಳನ್ನೂ ಅವನಿಗೇ ಒಪ್ಪಿಸಿದರು. ಅತ್ತೆ ಸಂಜೆ ಹೊತ್ತು ಎದುರು ಮನೆಯ ಗೋಡೆಯನ್ನು ನೋಡುತ್ತ ಕೂರುತ್ತಿದ್ದರು. ಬೆರಳು ಕೆಲವೊಮ್ಮೆ ಕಿಟಕಿಯ ಗಾಜಿನ ಮೇಲೆ ಸುಮ್ಮನೆ ಆಡುತ್ತಿತ್ತು.

ಹೊಸ ಕಟ್ಟಡದ ಕೆಲಸ ಮುಗಿದ ಸಂಜೆ ಅಳಿಯ ಷಟರ್ ಎಳೆದು ಬಂದವನು ಫೋನನ್ನು ಕಟ್ಟೆಯ ಮೇಲಿಡಲಿಲ್ಲ. ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಎಣ್ಣೆ ಹಿಡಿದ ಬೆರಳಿನಿಂದ ಏನೋ ಒತ್ತಿದ. ಪರದೆ ಕಪ್ಪಾಯಿತು. ಅವನು ಬೈಯಲಿಲ್ಲ, ಮುಚ್ಚಲೂ ಇಲ್ಲ. ಒಂದೊಂದೇ ಐಕಾನ್ ಮೂಡುವವರೆಗೂ ಕಾದು ಕೂತ. ಆಮೇಲೆ ಎದ್ದು ಫೋನನ್ನು ಅತ್ತೆಯ ಮಡಿಲಲ್ಲಿಟ್ಟ.

"ಬೆಳಗ್ಗೆ ಅಂಗಡಿಗೆ ಹೋಗುವಾಗ ತೆಗೀತೀನಿ," ಎಂದ, ಜಗಳಕ್ಕೆ ಬಂದವನ ದನಿಯಲ್ಲಿ. "ಅಲ್ಲೀತನಕ ಇರ್ಲಿ. ನಿಮ್ಮ ಬಾಲಮೋಟ ಬರೋದು ತಡ ಆಗುತ್ತೆ, ಸ್ವಲ್ಪ ಕಾಯಿರಿ."

ಆ ಹೆಸರನ್ನು ಅತ್ತೆ ಅವನ ಮುಂದೆ ಯಾವತ್ತೂ ಆಡಿರಲಿಲ್ಲ.